ನಾವು ಕಟ್ಟುವ ಊರು, ನಾವು ನಡೆಯುವ ಬೀದಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಆರ್ಕಿಟೆಕ್ಟ್ ಅಲ್ಲ. ಆದರೆ ಅವರ ಡ್ರಾಯಿಂಗ್ ಕೈಯಲ್ಲಿ ಹಿಡ್ಕೊಂಡು ಪೈಪು ಹಾಕಿ, ವಯರು ಎಳೆದು, ಕೊನೆಗೆ ಸ್ವಿಚ್ ಒತ್ತಿ ನೋಡುವವನು ನಾನೇ. ಹಾಗಾಗಿ ಕಟ್ಟಡ, ಬೀದಿ ಬಗ್ಗೆ ಎರಡು ಮಾತಾಡೋಕೆ ನನಗೂ ಹಕ್ಕಿದೆ ಅಂದ್ಕೊಂಡಿದೀನಿ.

ಮೊದಲು ನನ್ನ ರೂಮಿನ ವಿಷಯ. ದುಬೈಗೆ ಬಂದ ಹೊಸದರಲ್ಲಿ ನಮ್ಮ ಕ್ಯಾಂಪಿನ ಎದುರು ಆರು ಲೇನಿನ ರಸ್ತೆ. ಆ ಕಡೆ ಬಕಾಲಾ, ಈ ಕಡೆ ನಾವು. ನಡುವೆ ದಾಟುವ ಸೇತುವೆ ಎಲ್ಲಿತ್ತು ಅಂದ್ರೆ, ನಡೆದು ಹೋಗಿ ಬರೋಕೆ ಮುಕ್ಕಾಲು ಗಂಟೆ. ನಮ್ಮ ರೂಮಲ್ಲಿ ಕೊಪ್ಪಳ ಕಡೆಯ ಅಣ್ಣ ಒಬ್ಬರಿದ್ದರು. "ಲೇ ತಮ್ಮಾ, ಬ್ರಿಡ್ಜ್ ತನಕಾ ಹೋಗಿ ಬರೂದ್ರಾಗ ಅನ್ನ ಆರಿ ಹೋಗ್ತದ" ಅಂತ ದಿನಾ ಓಡಿ ದಾಟೋರು. ಒಂದು ರಾತ್ರಿ ಮೊಸರು, ಖುಬೂಸ್ ತರೋಕೆ ಹೋದವರು ಕಾಲು ಮುರ್ಕೊಂಡರು. ಅಡ್ಡ ದಾಟಿದ್ದಕ್ಕೆ 400 ದಿರ್ಹಮ್ ದಂಡವೂ ಬಿತ್ತು. ಮೂರು ತಿಂಗಳಿಗೆ ಊರಿಗೆ ಹೋದರು, ವಾಪಸ್ ಬರಲಿಲ್ಲ.

ತಪ್ಪು ಅವರದೇ ಅಂತ ಎಲ್ಲರೂ ಅಂದರು, ನಾನೂ ಅಂದೆ. ಈಗ ಕೇಳ್ಕೋತೀನಿ: ಮನೆಯ ಎದುರಿನ ಅಂಗಡಿಗೆ ಮುಕ್ಕಾಲು ಗಂಟೆ ನಡೆಯಬೇಕಾದರೆ, 40 ಡಿಗ್ರಿ ಬಿಸಿಲಲ್ಲಿ ದುಡಿದು ಬಂದ ಯಾವ ಮನುಷ್ಯ ನಡೀತಾನೆ? ಆ ರಸ್ತೆಯ ದೀಪದ ಕಂಬಗಳನ್ನೇ ನೋಡಿ. ಎತ್ತರದ ಕಂಬ, ಬೆಳಕೆಲ್ಲ ಡಾಂಬರಿನ ಮೇಲೆ. ಕಾರಿನವನಿಗೆ ರಸ್ತೆ ಹಗಲಿನ ಹಾಗೆ ಕಾಣುತ್ತೆ. ಅಂಚಿನಲ್ಲಿ ನಿಂತವನು ಕತ್ತಲಲ್ಲಿ. ಅಂಥ ಕಂಬಗಳಿಗೆ ನಾನೇ ಕೇಬಲ್ ಜೋಡಿಸಿದ್ದೇನೆ, ಆಗ ಇದು ಹೊಳೆದಿರಲಿಲ್ಲ.

ಇದೇ ಊರಲ್ಲಿ ಬೇರೆ ಥರದ ಬೀದಿಯೂ ಇದೆ. ಖೋರ್ ದಂಡೆಯ ಅಲ್ ಫಹೀದಿ, ಹಳಬರು ಬಸ್ತಕಿಯಾ ಅಂತಾರೆ. ರಜೆಯ ದಿನ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ದಾಟಿ ನೋಡಿ ಬನ್ನಿ. ಪರ್ಷಿಯಾದ ಬಸ್ತಕ್ ಊರಿನಿಂದ ಬಂದ ವ್ಯಾಪಾರಿಗಳು, ಅಂದ್ರೆ ಅವರೂ ನಮ್ಮ ಹಾಗೆ ದುಡಿಯೋಕೆ ಬಂದವರೇ, 1890ರ ದಶಕದಿಂದ ಕಟ್ಟಿಕೊಂಡ ಕೇರಿ ಅದು. ಸಮುದ್ರದ ಹವಳದ ಕಲ್ಲು, ಜಿಪ್ಸಮ್ ಗಾರೆಯ ದಪ್ಪ ಗೋಡೆ. ಓಣಿಗಳು ಎಷ್ಟು ಕಿರಿದು ಅಂದ್ರೆ ಒಂದು ಮನೆಯ ನೆರಳು ಎದುರು ಮನೆಯ ಗೋಡೆಗೆ ಬೀಳುತ್ತೆ. ಈ ಓಣಿಗೆ ಇಲ್ಲಿಯವರು ಸಿಕ್ಕಾ ಅಂತಾರೆ. ಖೋರ್ ಕಡೆಯಿಂದ ಬರುವ ಗಾಳಿ ಅದರೊಳಗೆ ಹಾಯುತ್ತೆ.

ಮನೆ ಮೇಲೆ ಗೋಪುರದ ಹಾಗೆ ಕಾಣೋದು ಬರ್ಜೀಲ್. ನಾಲ್ಕೂ ಕಡೆ ಬಾಯಿ, ಒಳಗೆ ಅಡ್ಡಗೋಡೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಮೇಲೆ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತೆ. ಗಾಳಿ ಇಲ್ಲದಾಗ ಕೋಣೆಯ ಬಿಸಿ ಅದೇ ದಾರಿಯಲ್ಲಿ ಮೇಲಕ್ಕೆ ಹೋಗುತ್ತೆ. ಒಂದು ಯೂನಿಟ್ ಕರೆಂಟೂ ಬೇಡ! ನಮ್ಮ ಹೊಟ್ಟೆಪಾಡಿಗೆ ಒಳ್ಳೇ ಸುದ್ದಿ ಅಲ್ಲ, ಇರಲಿ. ನಾವು ಹಾಕುವ ಏಸಿ ಕೋಣೆಯ ಬಿಸಿಯನ್ನೂ ತನ್ನ ಕಂಪ್ರೆಸರ್ ಬಿಸಿಯನ್ನೂ ಸೇರಿಸಿ ಬೀದಿಗೆ ಉಗುಳುತ್ತೆ. ಹಿಂದಿನ ಗಲ್ಲಿಯಲ್ಲಿ ಸಾಲಾಗಿ ಔಟ್‌ಡೋರ್ ಯೂನಿಟ್ ಇರುವ ಕಡೆ ಸರ್ವಿಸ್‌ಗೆ ಹೋದವರಿಗೆ ಗೊತ್ತು ಆ ಬಿಸಿ ಎಂಥದು ಅಂತ. ಒಳಗಿದ್ದವನಿಗೆ ತಂಪು, ನಡೆಯುವವನಿಗೆ ಇನ್ನಷ್ಟು ಸೆಕೆ.

1980ರ ದಶಕದಲ್ಲಿ ಆ ಕೇರಿಯ ಸುಮಾರು ಅರ್ಧವನ್ನು ಕೆಡವಿ ಹಾಕಿದ್ದರು. ರೇನರ್ ಓಟರ್ ಎಂಬ ಬ್ರಿಟಿಷ್ ಆರ್ಕಿಟೆಕ್ಟ್ ಅಲ್ಲೇ ಒಂದು ಮನೆ ಹಿಡಿದು, ಉಳಿಸಿ ಅಂತ ಪಟ್ಟು ಹಿಡಿದ. ರಾಜಕುಮಾರ ಚಾರ್ಲ್ಸ್‌ಗೆ ಪತ್ರ ಬರೆದ. 1989ರಲ್ಲಿ ಚಾರ್ಲ್ಸ್ ಬಂದು ಓಣಿಗಳಲ್ಲಿ ಓಡಾಡಿ ಹೋದ ಮೇಲೆ ಉಳಿದರ್ಧ ಉಳಿಯಿತು. ಆದರೆ ಒಂದು ಮಾತು ಹೇಳಲೇಬೇಕು. ಇವತ್ತು ಅಲ್ಲಿ ಮ್ಯೂಸಿಯಂ, ಗ್ಯಾಲರಿ, ಕಾಫಿ ಅಂಗಡಿ ಇವೆ. ಸಂಜೆ ಬಟ್ಟೆ ಒಣ ಹಾಕುವವರು, ಮಕ್ಕಳನ್ನು ಕೂಗಿ ಕರೆಯುವವರು ಕಾಣೋದಿಲ್ಲ.

ಅದು ಬೇಕಾದರೆ ಕರಾಮಾಗೆ ಹೋಗಬೇಕು. ನೋಡೋಕೆ ಚಂದದ ಕಟ್ಟಡಗಳೇನಲ್ಲ. ಮೂರ್ನಾಲ್ಕು ಮಹಡಿ, ಕೆಳಗೆ ಅಂಗಡಿ, ಮೇಲೆ ಸಂಸಾರ. ಟೇಲರ್, ಸಲೂನ್, ದೋಸೆ ಹೋಟೆಲ್ ಎಲ್ಲ ನೂರು ಹೆಜ್ಜೆಯೊಳಗೆ. ರಾತ್ರಿ ಹನ್ನೊಂದಕ್ಕೂ ಅಂಗಡಿ ಬೆಳಕು ಫುಟ್‌ಪಾತಿಗೆ ಬಿದ್ದಿರುತ್ತೆ, ಹೆಣ್ಮಕ್ಕಳು ಭಯವಿಲ್ಲದೆ ನಡೀತಾರೆ. ಮೇಲಿನ ಮನೆಯವರು ಮಾತಾಡುವಷ್ಟು ಹತ್ತಿರ ಬೀದಿ. ಅಮೆರಿಕದ ಜೇನ್ ಜೇಕಬ್ಸ್ ಅನ್ನೋ ಹೆಣ್ಮಗಳು 1961ರಲ್ಲೇ ಪುಸ್ತಕ ಬರೆದು, ಬೀದಿ ಕಾಯೋದು ಪೊಲೀಸರಿಗಿಂತ ಮೊದಲು ಕಿಟಕಿ, ಅಂಗಡಿಗಳಿಂದ ನೋಡುವ ಕಣ್ಣುಗಳು ಅಂತ ವಾದಿಸಿದ್ದಳಂತೆ. ಆಕೆಯೂ ಆರ್ಕಿಟೆಕ್ಟ್ ಅಲ್ಲ, ನನಗೆ ಅದು ಖುಷಿ.

ದೊಡ್ಡ ರಸ್ತೆಯನ್ನೂ ಸರಿ ಮಾಡಬಹುದು. 2009ರಲ್ಲಿ ಮೆಟ್ರೋ ಶುರುವಾದಾಗ ಶೇಖ್ ಜಾಯೆದ್ ರಸ್ತೆಯ ಮೇಲೆ ಸ್ಟೇಷನ್ ಸೇತುವೆಗಳು ಬಂದವು. ಏಸಿ ಇದೆ, ಟಿಕೆಟ್ ಇಲ್ಲದೆಯೂ ದಾಟಬಹುದು. ಅಂಥದ್ದೊಂದು ನಮ್ಮ ಕ್ಯಾಂಪಿನ ಎದುರು ಇದ್ದಿದ್ದರೆ ಆ ಅಣ್ಣ ಇವತ್ತು ಇಲ್ಲಿ ಮುಂದಿನ ಸಾಲಲ್ಲಿ ಕೂತಿರುತ್ತಿದ್ದರು. ನಮ್ಮ ಸಂಘದ ಪದಾಧಿಕಾರಿಗಳು ಬಸ್ಸು ಹತ್ತುವ ಕಡೆ ನೆರಳಿಗಾಗಿ, ದಾಟುವ ಜಾಗಕ್ಕಾಗಿ ಒಂದು ಅರ್ಜಿ ಬರೀಲಿ. ಎಲ್ಲಿ ಏನು ಬೇಕು ಅಂತ ಅಳತೆ ಸಮೇತ ನಾನು ಕೊಡ್ತೀನಿ.

ಇಷ್ಟೆಲ್ಲ ಮಾತಾಡುವ ನಾನು ಊರಲ್ಲಿ ಏನು ಮಾಡಿದೆ ಅಂತಲೂ ಹೇಳಿಬಿಡ್ತೀನಿ. ಇಲ್ಲಿ ನೋಡಿದ ವಿಲ್ಲಾ ಥರ ಇರಲಿ ಅಂತ, ನಾಲ್ಕು ವರ್ಷದ ದುಡ್ಡು ಹಾಕಿ ಗದಗ ಹತ್ತಿರದ ನಮ್ಮ ಮನೆ ಹೊಸದಾಗಿ ಕಟ್ಟಿಸಿದೆ. ಬಾಗಿಲ ಎರಡೂ ಕಡೆ ಇದ್ದ ಕಟ್ಟೆ ಒಡೆಸಿ ಆರಡಿ ಕಾಂಪೌಂಡ್ ಎಬ್ಬಿಸಿದೆ. ಗೇಟಿನ ಕಂಬಕ್ಕೆ ದೀಪ. ನಮ್ಮಪ್ಪ ದಿನಾ ಸಂಜೆ ಆ ಕಟ್ಟೆಯ ಮೇಲೆ ಕೂತ್ಕೊಳ್ಳೋರು. ಹೊಲದಿಂದ ಬರುವವರೆಲ್ಲ ನಿಂತು ಮಾತಾಡಿಸಿ, ಎಲೆಅಡಿಕೆ ಹಾಕ್ಕೊಂಡು ಹೋಗೋರು. ಈಗ ಫೋನ್ ಮಾಡಿದರೆ ಒಂದೇ ಮಾತು: "ಮನಿ ಛಲೋ ಆಗೇತಿ ತಮ್ಮಾ. ಆದ್ರ ಓಣ್ಯಾಗ ಯಾರ್ ಬಂದ್ರು, ಯಾರ್ ಹೋದ್ರು ಒಂದೂ ತಿಳ್ಯಾಂಗಿಲ್ಲ."

ಬರುವ ರಜೆಗೆ ಆ ಗೋಡೆಯನ್ನು ಎರಡೂವರೆ ಅಡಿಗೆ ಇಳಿಸಿ, ಮೇಲೆ ಕಡಪಾ ಕಲ್ಲು ಹಾಸಿ ಕೂರುವ ಹಾಗೆ ಮಾಡಬೇಕು ಅಂತ ಗೌಂಡಿಗೆ ಹೇಳಿದ್ದೇನೆ. ಗೋಡೆಯೊಳಗೆ ಗೇಟಿನ ದೀಪದ ವಯರು ಹಾಯ್ದಿದೆ, ಎಲ್ಲಿ ಅಂತ ನನಗೊಬ್ಬನಿಗೇ ಗೊತ್ತು. ಅದಕ್ಕೇ ನಾನು ಬರೋವರೆಗೆ ಸುತ್ತಿಗೆ ಮುಟ್ಟಬೇಡ ಅಂದಿದ್ದೇನೆ.