ಗಂಟಲ ಬೇನೆಯನ್ನು ಗುರುತಿಸುವ ಬಗೆ
(ಪ್ರಾಥಮಿಕ ಶಾಲೆಗಳ ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ವೈದ್ಯನಾದವನನ್ನು ಸಭೆಗೆ ಕರೆದರೆ ಆತನು ಯಾವದಾದರೊಂದು ಮಹಾರೋಗದ ಮಾತನ್ನೇ ಎತ್ತುವನೆಂದು ಜನರು ಎಣಿಸುವದು ಸಹಜ. ನಾವು ಇಂದು ಹೇಳಹೊರಟಿರುವದು ಬರಿಯ ಗಂಟಲ ನೋವಿನ ಸಂಗತಿ. ಮಳೆ ಹಿಡಿಯಿತೆಂದರೆ ತರಗತಿಗೆ ನಾಲ್ವರಿಗಾದರೂ ತಗಲುವ ಈ ಬೇನೆಗೆ ಭಾಷಣವೇತಕ್ಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅದಕ್ಕೆ ನಮ್ಮ ಉತ್ತರವು ಒಬ್ಬ ಹುಡುಗಿಯ ವೃತ್ತಾಂತ.

ಒಂಬತ್ತು ವರ್ಷದ ಆ ಹುಡುಗಿಯನ್ನು ತಂದೆಯು ನಮ್ಮಲ್ಲಿಗೆ ಕರೆತಂದಾಗ ಜ್ವರವು 102 ಡಿಗ್ರಿ ಇದ್ದಿತು. ಉಗುಳು ನುಂಗುವದೂ ಆಕೆಗೆ ಕಷ್ಟವಾಗಿತ್ತು. ನಾವು ಪರೀಕ್ಷಿಸಿ, ಪೆನಿಸಿಲಿನ್ ಗುಳಿಗೆಗಳನ್ನು ಬರೆದುಕೊಟ್ಟು, ಹತ್ತು ದಿವಸ ತಪ್ಪದೆ ಕೊಡಿರೆಂದು ಹೇಳಿದೆವು. ಮೂರನೆಯ ದಿವಸ ಜ್ವರ ಬಿಟ್ಟಿತು, ಹುಡುಗಿಯು ಆಡತೊಡಗಿದಳು, ಉಳಿದ ಗುಳಿಗೆಗಳು ಗೋಡೆಯ ಗೂಡು ಸೇರಿದವು. ಮೂರು ವಾರಗಳಾದ ಮೇಲೆ ಮೊಣಕಾಲು ಬಾತಿತು. ಅದು ಇಳಿಯುವಷ್ಟರಲ್ಲಿ ಮುಂಗೈಯ ಕೀಲು ಬಾತಿತು. ಮರಳಿ ನಮ್ಮ ಮುಂದೆ ಬಂದಾಗ ಎದೆಗೆ ಸ್ಟೆಥಾಸ್ಕೋಪು ಇಟ್ಟು ಕೇಳಿದರೆ, ಹೃದಯದಲ್ಲಿ ಮೊದಲಿಲ್ಲದ ಮರ್ಮರಧ್ವನಿಯು ಕೇಳಿಬಂದಿತು. ತಂದೆಯ ಮೇಲೆ ತಪ್ಪು ಹೊರಿಸುವದು ಸುಲಭ. ಆದರೆ ಹತ್ತು ದಿವಸವೆಂದು ಹೇಳಿದ ನಾವು ಹತ್ತು ದಿವಸವೇಕೆಂಬುದನ್ನು ಹೇಳಿರಲಿಲ್ಲ. ಅಂದು ಹೇಳದೆ ಉಳಿದ ಮಾತನ್ನು ಇಂದು ತಮ್ಮೆದುರು ಹೇಳುತ್ತಿದ್ದೇವೆ.

ಬಾಯಿಯನ್ನು ಅಗಲಿಸಿ ನೋಡಿದರೆ ಕಿರುನಾಲಿಗೆಯ ಎಡಬಲಗಳಲ್ಲಿ ಎರಡು ಗಡ್ಡೆಗಳು ಕಾಣುವವು. ಇವೇ ಟಾನ್ಸಿಲ್‌ಗಳು. ಇವು ರೋಗವಲ್ಲ, ಬಾಯಿ ಮೂಗುಗಳ ಮಾರ್ಗವಾಗಿ ಒಳಹೊಗುವ ರೋಗಾಣುಗಳನ್ನು ತಡೆಯುವ ಕಾವಲುಗಾರರು. ಬಾಲ್ಯದಲ್ಲಿ ದೊಡ್ಡವಾಗಿದ್ದು ಹರೆಯದ ಹೊತ್ತಿಗೆ ಕುಗ್ಗುವದು ಇವುಗಳ ಸ್ವಭಾವ. ಆದ ಕಾರಣ ಗಡ್ಡೆ ದೊಡ್ಡದಾಗಿದೆಯೆಂಬಷ್ಟರಿಂದಲೇ ಹೆದರತಕ್ಕದ್ದಿಲ್ಲ. ಅವು ಕೆಂಪೇರಿ ಬಾತು, ನುಂಗುವಾಗ ನೋವು, ಜ್ವರ, ತಲೆನೋವು, ಬಾಯಿಯ ದುರ್ಗಂಧಗಳು ಕೂಡಿಬಂದರೆ ಟಾನ್ಸಿಲ್ ಬೇನೆಯೆಂದು ತಿಳಿಯಬೇಕು. ಚಿಕ್ಕ ಮಕ್ಕಳು ಗಂಟಲನ್ನು ತೋರಿಸದೆ ಹೊಟ್ಟೆನೋವೆಂದು ಅಳುವದೂ ಉಂಟು. ಬುತ್ತಿಯನ್ನು ಬಿಚ್ಚದೆ ಹಾಗೆಯೇ ಮನೆಗೆ ಒಯ್ಯುವ ಮಗುವನ್ನು ಮೊದಲು ಕಾಣುವವರು ತಾವೇ.

ಈ ಬೇನೆಯ ಬಹುಪಾಲು ವೈರಸ್‌ಗಳಿಂದ ಬರುವದು. ನೆಗಡಿ, ಕೆಮ್ಮು, ಕಣ್ಣು ಕೆಂಪಾಗುವದು, ಧ್ವನಿ ಒಡೆಯುವದು ಜೊತೆಗಿದ್ದರೆ ಪ್ರಾಯಶಃ ಅದೇ ಜಾತಿಯದು. ಅದಕ್ಕೆ ಪೆನಿಸಿಲಿನ್ ಏನೂ ಮಾಡಲಾರದು; ಒಂದು ವಾರದೊಳಗೆ ತಾನಾಗಿ ಇಳಿಯುವದು. ಔಷಧದ ಅಂಗಡಿಯಲ್ಲಿ ತಾವೇ ಕೇಳಿ ಆ್ಯಂಟಿಬಯಾಟಿಕ್ ಕೊಳ್ಳುವ ಇಂದಿನ ಚಟವನ್ನು ನಾವು ಒಪ್ಪಲಾರೆವು. ಆದರೆ ಮಕ್ಕಳ ಗಂಟಲ ಬೇನೆಗಳಲ್ಲಿ ನೂರಕ್ಕೆ 20ರಿಂದ 30ರಷ್ಟಕ್ಕೆ ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವು ಕಾರಣ. ಇದನ್ನು ಶಂಕಿಸುವದಕ್ಕೆ ಸೆಂಟಾರ್ ಎಂಬ ಅಮೇರಿಕದ ವೈದ್ಯರು 1981ರಲ್ಲಿ ನಾಲ್ಕು ಗುರುತುಗಳನ್ನು ಕೊಟ್ಟರು: ಜ್ವರವಿರುವದು, ಕೆಮ್ಮು ಇಲ್ಲದಿರುವದು, ಗಡ್ಡೆಗಳ ಮೇಲೆ ಬಿಳಿಯ ಕೀವಿನ ಚುಕ್ಕೆಗಳು, ದವಡೆಯ ಕೆಳಗೆ ಕುತ್ತಿಗೆಯ ಮುಂಬದಿಯಲ್ಲಿ ಮುಟ್ಟಿದರೆ ನೋಯುವ ಗಂಟುಗಳು. ಇವುಗಳಲ್ಲಿ ಮೂರು ಕಂಡರೆ ಮಗುವನ್ನು ಅಂದೇ ಡಾಕ್ಟರರಲ್ಲಿಗೆ ಕಳಿಸಬೇಕು. ಗಂಟಲ ದ್ರವವನ್ನು ಪರೀಕ್ಷಿಸಿ ನಿಶ್ಚಯಿಸುವ ಕೆಲಸ ಅವರದು.

ಈಗ ಹತ್ತು ದಿವಸದ ಮಾತು. ಸ್ಟ್ರೆಪ್ಟೋಕಾಕಸ್ಸಿನ ಗಂಟಲ ನೋವು ಔಷಧವಿಲ್ಲದೆಯೂ ಬಹುಶಃ ವಾರದೊಳಗೆ ಹೋಗುವದು. ಮೋಸವಿರುವದೇ ಅಲ್ಲಿ. ಆ ಅಣುವಿನೊಡನೆ ಹೋರಾಡಲು ಸಿದ್ಧವಾದ ದೇಹದ ರಕ್ಷಣಾಶಕ್ತಿಯು, ಅದಕ್ಕೆ ಹೋಲಿಕೆಯುಳ್ಳ ತನ್ನದೇ ಹೃದಯವನ್ನು ಶತ್ರುವೆಂದು ಭ್ರಮಿಸಿ ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಲ್ಲಿ ಅದರ ಮೇಲೆ ಬೀಳುವದು. ಇದೇ ಸಂಧಿವಾತಜ್ವರ. ಕೀಲುಗಳ ನೋವು ಗುರುತುಳಿಸದೆ ಹೋಗುವದು. ಹೃದಯದ ಕವಾಟಕ್ಕೆ ಆದ ಗಾಯವು ಮಾತ್ರ ಜನ್ಮಪರ್ಯಂತ ಉಳಿಯಬಹುದು. ಅಮೇರಿಕದ ವಾಯೋಮಿಂಗ್ ಪ್ರಾಂತದ ಸೇನಾನೆಲೆಯೊಂದರಲ್ಲಿ ಗಂಟಲ ಬೇನೆಯ ಸೈನಿಕರಿಗೆ ಪೆನಿಸಿಲಿನ್ ಕೊಟ್ಟ ಡೆನ್ನಿ, ವಾನಮೇಕರ್ ಮೊದಲಾದ ವೈದ್ಯರು, ಅದರಿಂದ ಈ ಜ್ವರವು ಬಹುಮಟ್ಟಿಗೆ ತಡೆಯಲ್ಪಡುವದೆಂದು 1950ರಲ್ಲಿ ಪ್ರಕಟಿಸಿದರು. ಬೇನೆ ಹತ್ತಿದ ಒಂಬತ್ತು ದಿವಸಗಳೊಳಗೆ ಔಷಧವನ್ನು ಆರಂಭಿಸಿದರೂ ಫಲವುಂಟು. ಅಂದಮೇಲೆ ಮೂರನೆಯ ದಿವಸದ ಆಚೆಗಿನ ಗುಳಿಗೆಗಳು ಗಂಟಲಿಗಾಗಿ ಅಲ್ಲ, ಹೃದಯಕ್ಕಾಗಿ.

ಇನ್ನು ಕೆಲವು ಚಿಹ್ನೆಗಳಿಗೆ ನಾಳೆಯೆಂಬುದೇ ಇಲ್ಲ. ಮಗುವಿಗೆ ಉಸಿರಾಟಕ್ಕೆ ತ್ರಾಸಾಗುವದು, ಉಗುಳು ನುಂಗಲಾರದೆ ಜೊಲ್ಲು ಸುರಿಸುವದು, ಬಾಯಿ ತೆರೆಯಲಾಗದಿರುವದು, ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವರಂತೆ ಮಾತು ಮಂದವಾಗುವದು, ಕುತ್ತಿಗೆ ಸೆಟೆಯುವದು, ಇವುಗಳಲ್ಲಿ ಒಂದು ಕಂಡರೂ ಸಾಕು, ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಮಗುವಿನ ಬಾಯಿಯೊಳಗೆ ಚಮಚವಿಟ್ಟು ನೋಡಹೋಗಬಾರದು; ಅದರಿಂದ ಉಸಿರೇ ಕಟ್ಟಬಹುದು. ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಕುತ್ತಿಗೆ ಊದಿದರೆ ಅದು ಗಂಟಲಮಾರಿಯಾಗಿರಬಹುದು. ಅದು ನಮ್ಮ ದೇಶದಿಂದ ಇನ್ನೂ ನಿರ್ಮೂಲವಾಗಿಲ್ಲ. ಹತ್ತು ಮತ್ತು ಹದಿನಾರರ ವಯಸ್ಸಿನಲ್ಲಿ ಕೊಡುವ ಟೀಡಿ ಲಸಿಕೆಯು ಶಾಲೆಗೆ ಬಂದಾಗ ಯಾವ ಮಗುವೂ ತಪ್ಪಿಸಿಕೊಳ್ಳದಂತೆ ತಾವು ನೋಡಿಕೊಳ್ಳಬೇಕು. ಬೇನೆ ಇಳಿದ ಒಂದೆರಡು ವಾರಗಳಲ್ಲಿ ಮುಖ ಬಾತು, ಮೂತ್ರವು ಚಹದ ಕಷಾಯದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೆಂದು ಸಂಶಯಿಸಬೇಕು.

ಮನೆಯ ಉಪಚಾರಗಳಲ್ಲಿ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವದು, ಗಂಜಿ, ವಿಶ್ರಾಂತಿ, ಜ್ವರಕ್ಕೆ ಪ್ಯಾರಾಸಿಟಮಾಲ್ ಇವು ಒಳ್ಳೆಯವು. ಮಕ್ಕಳಿಗೆ ಆ್ಯಸ್ಪಿರಿನ್ ಕೊಡಲಾಗದು. ಕಿರುನಾಲಿಗೆ ಬಿದ್ದಿದೆಯೆಂದು ಬೆರಳಿನಿಂದ ಒತ್ತಿ ಎತ್ತುವ ರೂಢಿಯನ್ನಂತೂ ಬಿಡಲೇಬೇಕು. ಗಡ್ಡೆ ತೆಗೆಸುವ ವಿಷಯವನ್ನು ಹಲವರು ನಮ್ಮನ್ನು ಕೇಳುತ್ತಾರೆ. ಒಂದು ವರ್ಷದಲ್ಲಿ ಏಳು ಸಲ, ಇಲ್ಲವೆ ಎರಡು ವರ್ಷ ವರ್ಷಕ್ಕೈದರಂತೆ, ಇಲ್ಲವೆ ಮೂರು ವರ್ಷ ವರ್ಷಕ್ಕೆ ಮೂರರಂತೆ ಬೇನೆ ಮರುಕಳಿಸಿದರೆ, ಅಥವಾ ಗಡ್ಡೆಗಳು ನಿದ್ರೆಯಲ್ಲಿ ಉಸಿರು ತಡೆದರೆ ಆ ವಿಚಾರವನ್ನು ಡಾಕ್ಟರರೊಡನೆ ಎತ್ತಬಹುದು.

ಆ ಹುಡುಗಿಯು ಈಗ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದಿಗಾಗಿ ಬರುತ್ತಾಳೆ. ಇನ್ನೂ ಹಲವು ವರ್ಷ ಬರಬೇಕಾಗಿದೆ. ಸೂಜಿಗಿಂತ ಶಾಲೆ ತಪ್ಪುವದೇ ಆಕೆಗೆ ಹೆಚ್ಚಿನ ಚಿಂತೆ. ಇಂಥ ಮಗುವು ತಮ್ಮ ತರಗತಿಯಲ್ಲಿದ್ದರೆ ಆ ದಿವಸದ ಗೈರುಹಾಜರಿಗೆ ಕಾರಣ ಕೇಳದೆ, ತಪ್ಪಿದ ಪಾಠವನ್ನು ಮರುದಿನ ಹೇಳಿಕೊಡಿರಿ. ಮೂರು ವಾರ ಕಳೆದರೂ ಮಗುವು ರಜೆ ಕೇಳದಿದ್ದರೆ ಮಾತ್ರ ತಂದೆಯನ್ನು ಕರೆದು ವಿಚಾರಿಸಿರಿ.