ಶಾಲೆಯೂ ಒಂದು ಸಹಕಾರ ಸಂಘವೇ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಶಾಲೆಯವರೂ ಎರಡು ಮಾತಾಡಬೇಕು ಅಂತ ಆಡಳಿತ ಮಂಡಳಿಯವರು ಹೇಳಿದರು. ಅದಕ್ಕೆ ಮೊದಲಿಗೆ ವಂದನೆಗಳು. ಪ್ರಾಥಮಿಕ ಶಾಲೆಯ ಮೌಲ್ಯಗಳು ಮತ್ತು ಗುರಿಗಳು ಎಂಬುದು ನಮಗೆ ಕೊಟ್ಟ ವಿಷಯ. ಮೌಲ್ಯ ಅನ್ನುವ ಪದ ಸ್ವಲ್ಪ ಭಾರದ್ದು. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು ಸುಲಭ, ದಿನಾ ನಡೆಸುವುದು ಕಷ್ಟ. ಆದ್ದರಿಂದ ನಾವು ಗೋಡೆ ಬರಹ ಬಿಟ್ಟು, ನಿಮಗೆಲ್ಲ ಚೆನ್ನಾಗಿ ಗೊತ್ತಿರುವ ಡೇರಿಯ ಬಾಗಿಲಿನಿಂದಲೇ ಮಾತು ಶುರು ಮಾಡುತ್ತೇವೆ.

ಬೆಳಗ್ಗೆ ಡೇರಿ ಮುಂದೆ ಸಾಲು ನಿಲ್ಲುತ್ತದೆ. ಮೂರು ಲೀಟರ್ ತಂದವರೂ ಅದೇ ಸಾಲು, ಮೂವತ್ತು ಲೀಟರ್ ತಂದವರೂ ಅದೇ ಸಾಲು. ಯಾವ ಬೀದಿಯವರು, ಯಾವ ಜಾತಿಯವರು ಅಂತ ಪರೀಕ್ಷೆಯ ಯಂತ್ರ ಕೇಳುವುದಿಲ್ಲ; ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ಮಾತ್ರ ನೋಡುತ್ತದೆ. ಪರೀಕ್ಷೆ ಆದ ಮೇಲೆ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ವರ್ಷಕ್ಕೊಂದು ಸಲ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕ ಓದುತ್ತಾರೆ. ಆಡಳಿತ ಮಂಡಳಿಯ ಚುನಾವಣೆ ಬಂದರೆ ಒಬ್ಬರಿಗೆ ಒಂದೇ ಓಟು. ಒಂದೇ ಸಾಲು, ಸರಿಯಾದ ಅಳತೆ, ಒಂದೇ ಕ್ಯಾನು, ಎಲ್ಲರ ಮುಂದೆ ಲೆಕ್ಕ: ಈ ನಾಲ್ಕನ್ನು ನೀವು ಮೌಲ್ಯ ಅಂತ ಕರೆದವರಲ್ಲ, ರೂಢಿ ಅಂತ ನಡೆಸಿಕೊಂಡು ಬಂದವರು. ನಮ್ಮ ಶಾಲೆಗೆ ಬೇಕಾಗಿರುವುದೂ ಇದೇ ನಾಲ್ಕು ಅನ್ನುವುದು ನಮ್ಮ ಇವತ್ತಿನ ಮಾತು.

ಸಹಕಾರಕ್ಕೂ ಶಾಲೆಗೂ ಇರುವ ನಂಟು ಹಳೆಯದು. ಸಹಕಾರ ತತ್ವಕ್ಕೆ ತಳಹದಿ ಹಾಕಿದವರಲ್ಲಿ ರಾಬರ್ಟ್ ಓವೆನ್ ಒಬ್ಬರು. ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಎಂಬಲ್ಲಿ ಅವರು ಹತ್ತಿ ಗಿರಣಿ ನಡೆಸುತ್ತಿದ್ದರು. ಚಿಕ್ಕ ಮಕ್ಕಳೂ ಗಿರಣಿಯಲ್ಲಿ ದುಡಿಯುತ್ತಿದ್ದ ಕಾಲ ಅದು. ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಅವರು ನಿಲ್ಲಿಸಿದರು. 1816ರ ಜನವರಿ 1ರಂದು ಅಲ್ಲಿ ಶಾಲೆಯ ಕಟ್ಟಡ ತೆರೆದರು. ಪುಟ್ಟ ಮಕ್ಕಳಿಗೆ ಮೊದಲ ಮೇಷ್ಟ್ರಾಗಿ ಆರಿಸಿದ್ದು ಒಬ್ಬ ನೇಕಾರನನ್ನು. ಆತನಿಗೆ ಕೊಟ್ಟ ಸೂಚನೆ ಇಷ್ಟೇ: ಮಕ್ಕಳನ್ನು ಹೊಡೆಯಕೂಡದು, ಗದರಕೂಡದು, ಜೊತೆಯವರನ್ನು ಸಂತೋಷವಾಗಿಡುವುದನ್ನು ಪ್ರತಿ ಮಗುವಿಗೂ ಕಲಿಸಬೇಕು. ಇನ್ನೂರು ವರ್ಷ ದಾಟಿದರೂ ಇದಕ್ಕಿಂತ ಚಿಕ್ಕದಾಗಿ ಶಾಲೆಯ ಗುರಿಯನ್ನು ಹೇಳುವುದು ನಮಗೆ ಕಷ್ಟ.

ಆಮೇಲೆ 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ಸೇರಿ ಸಹಕಾರಿ ಅಂಗಡಿ ತೆರೆದರು. ಅವರಲ್ಲಿ ನೇಕಾರರೂ ಇದ್ದರು. ಲಾಭ ಬರತೊಡಗಿದ ಮೇಲೆ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆ ಅಂತ ತೆಗೆದಿಟ್ಟರು. ಓದುವ ಕೋಣೆ ಮಾಡಿದರು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ನಿಮಗೆ ಗೊತ್ತೇ ಇದೆ. ಲೋಕದ ಸಹಕಾರಿಗಳೆಲ್ಲ 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ಏಳನೆಯದು ಊರಿನ ಬಗ್ಗೆ ಕಾಳಜಿ. ಹಾಗಾಗಿ ಡೇರಿಯ ವೇದಿಕೆಯಲ್ಲಿ ಶಾಲೆಯ ಮಾತು ಹೊರಗಿನ ಮಾತಲ್ಲ.

ಈಗ ಮೊದಲನೆಯದು, ಒಂದೇ ಸಾಲು.

ಬಾಬಾಸಾಹೇಬ್ ಅಂಬೇಡ್ಕರ್ ಅವರು ಸಾತಾರಾದ ಶಾಲೆಗೆ ಹೋಗುತ್ತಿದ್ದಾಗ ತಮ್ಮ ಗೋಣಿತಟ್ಟನ್ನು ತಾವೇ ಒಯ್ದು, ಬೇರೆಯಾಗಿ ಒಂದು ಮೂಲೆಯಲ್ಲಿ ಹಾಸಿಕೊಂಡು ಕೂರಬೇಕಿತ್ತು. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಅವನು ಇಲ್ಲದ ದಿನ ನೀರೂ ಇಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಅಂಥ ಮೂಲೆಯಲ್ಲಿ ಕೂತು ಓದಿದವರು ಮುಂದೆ ಎಲ್ಲರಿಗೂ ಸಮಾನತೆ ಕೊಡುವ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಇವತ್ತು ನಮ್ಮ ಶಾಲೆಯಲ್ಲಿ ಮೂಲೆ ಇಲ್ಲ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ಊಟವೂ ಒಂದೇ ಸಾಲಿಗೆ ಬಂತು. ಹಸಿವು ನೀಗಿದ್ದು ಒಂದು ಲಾಭ. ಒಟ್ಟಿಗೆ ಕೂತು ಉಂಡಿದ್ದು ಇನ್ನೂ ದೊಡ್ಡ ಲಾಭ.

ಆದರೂ ಬಂಧುಗಳೇ, ಅಡುಗೆ ಮಾಡುವ ತಾಯಿಯ ಜಾತಿ ನೋಡಿ ಮಕ್ಕಳಿಗೆ ಶಾಲೆಯಲ್ಲಿ ಉಣ್ಣಬೇಡ ಅಂತ ಹೇಳಿ ಕಳಿಸಿದ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಆಗಾಗ ಬಂದಿವೆ. ಮಗುವಿಗೆ ಆ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ನಾವು ಪಾಠದಲ್ಲಿ ಸಮಾನತೆ ಅಂತ ನೂರು ಸಲ ಬರೆಸಬಹುದು. ಮನೆಯ ಜಗಲಿಯ ಮೇಲೆ ಆಡಿದ ಒಂದು ಮಾತು ಅದನ್ನು ಅಳಿಸಿಬಿಡುತ್ತೆ. ಎಲ್ಲರ ಹಾಲು ಬೆರೆತ ಕ್ಯಾನನ್ನು ಒಪ್ಪಿದ ಊರು, ಎಲ್ಲರ ಮಕ್ಕಳು ಕೂತ ಪಂಕ್ತಿಯನ್ನೂ ಒಪ್ಪಲೇಬೇಕು. ನೀವು ಕರೆದ ಹಾಲು ಒಕ್ಕೂಟಕ್ಕೆ ಹೋಗುತ್ತೆ. ಅಲ್ಲಿಂದ ಬರುವ ಹಾಲಿನ ಪುಡಿಯಿಂದಲೇ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಶುರುವಾದದ್ದು. ಮಕ್ಕಳ ಲೋಟದಲ್ಲಿರುವುದು ಯಾರ ಮನೆಯ ಹಸುವಿನ ಹಾಲು ಅಂತ ಯಾರಾದರೂ ಹೇಳಬಲ್ಲಿರಾ?

ಎರಡನೆಯದು, ಸರಿಯಾದ ಅಳತೆ.

ಶಾಲೆಗೆ ಬಂದ ತಂದೆ ತಾಯಂದಿರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, "ನಮ್ ಹುಡುಗ ಎಷ್ಟನೇ ನಂಬರು ಮೇಷ್ಟ್ರೇ?" ಎರಡನೆಯ ಮಾತು, "ಓದದೇ ಇದ್ರೆ ನಾಲ್ಕು ಬಾರಿಸಿ, ನಾವೇನೂ ಕೇಳಾಕಿಲ್ಲ." ಪ್ರೀತಿಯಿಂದಲೇ ಹೇಳುತ್ತೀರಿ, ನಮಗೆ ಗೊತ್ತು. ಆದರೆ ಹಸು ಸಾಕಿದವರು ನೀವು. ಹೊಡೆದು ಹೆದರಿಸಿದ ಹಸು ಹಾಲು ಬಿಡುತ್ತದೆಯೇ? ಮೈ ಸವರಿ, ಹೆಸರು ಹಿಡಿದು ಕರೆದರೆ ತಾನೇ ಬಿಡುವುದು? ಹೆದರಿದ ಮಗುವೂ ಹಾಗೇ. ಬಂದ ಉತ್ತರವನ್ನೂ ಬಾಯಲ್ಲೇ ಇಟ್ಟುಕೊಳ್ಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸು ನೋಯುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆ ಇದೆ ಅಂತ ಮಾತ್ರ ನಾವು ಕೋಲು ಕೆಳಗಿಡಬಾರದು. ಕೋಲಿನಿಂದ ಕಲಿಕೆ ಆಗುವುದಿಲ್ಲ ಅಂತ ತಿಳಿದು ಇಡಬೇಕು.

ಒಂದು ಮಗುವನ್ನು ಪಕ್ಕದ ಮಗುವಿನ ಜೊತೆ ಅಳೆಯುವುದು ತಪ್ಪು ಅಳತೆ. ಹೋದ ತಿಂಗಳು ಎಲ್ಲಿತ್ತು, ಈ ತಿಂಗಳು ಎಲ್ಲಿದೆ ಅಂತ ಅದರ ಜೊತೆಗೇ ಅಳೆಯಬೇಕು. ಇದನ್ನು ನಮ್ಮ ಮೇಷ್ಟ್ರುಗಳೇ ಮಾಡಿ ತೋರಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಮಾಡಿ ನಲಿ-ಕಲಿಯನ್ನು ಶುರು ಮಾಡಿದರು. ಗೋಡೆಯ ಮೇಲೆ ಕಲಿಕೆಯ ಏಣಿ; ಯಾವ ಮೆಟ್ಟಿಲಲ್ಲಿ ತಾನಿದ್ದೇನೆ ಅಂತ ಮಗುವಿಗೇ ಗೊತ್ತು. ಸುಗ್ಗಿ ಕಾಲದಲ್ಲಿ ನಾಲ್ಕು ದಿನ ಬರದೇ ಹೋದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಒಂದು ತಾಲ್ಲೂಕಿನ ಪ್ರಯೋಗ 2009-10ರ ಹೊತ್ತಿಗೆ ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಹಳ್ಳಿಯ ಶಾಲೆಯಿಂದ ಹೊಸದು ಹುಟ್ಟುವುದಿಲ್ಲ ಅನ್ನುವವರಿಗೆ ಇದು ಉತ್ತರ.

ಅಳತೆಯ ವಿಷಯದಲ್ಲಿ ಪ್ರಾಮಾಣಿಕತೆಯನ್ನೂ ಸೇರಿಸಿ ಹೇಳಬೇಕು. ನಕಲು ಮಾಡಿ ಪಡೆದ ಅಂಕ ನೀರು ಬೆರೆಸಿದ ಹಾಲಿನ ಹಾಗೆ. ಲೀಟರ್ ಜಾಸ್ತಿ ಕಾಣುತ್ತೆ, ಡಿಗ್ರಿ ಹಾಕಿದಾಗ ಗೊತ್ತಾಗುತ್ತೆ. ಡೇರಿಯಲ್ಲಿ ಅಂಥ ಹಾಲನ್ನು ವಾಪಸ್ಸು ಕಳಿಸುವ ನಾವು ಶಾಲೆಯಲ್ಲಿ ಅದನ್ನೇ ಮೆಚ್ಚಬಾರದು.

ಮೂರನೆಯದು, ಒಂದೇ ಕ್ಯಾನು. ಇದನ್ನು ಸ್ವಲ್ಪ ಕಷ್ಟಪಟ್ಟೇ ಹೇಳಬೇಕಾಗಿದೆ.

ಬೆಳಗ್ಗೆ ಎಂಟು ಗಂಟೆಗೆ ಅರಳಿಕಟ್ಟೆ ಹತ್ತಿರ ಪಟ್ಟಣದ ಶಾಲೆಗಳ ವ್ಯಾನುಗಳು ಬಂದು ನಿಲ್ಲುತ್ತವೆ. ಟೈ ಕಟ್ಟಿಕೊಂಡ ಮಕ್ಕಳು ಹತ್ತಿ ಹೋಗುತ್ತಾರೆ. ಅವರೂ ನಮ್ಮ ಊರಿನ ಮಕ್ಕಳೇ. ಕಳಿಸುವ ತಂದೆ ತಾಯಂದಿರ ಮೇಲೆ ನಮಗೆ ಕೋಪವಿಲ್ಲ. ಮಗು ಇಂಗ್ಲಿಷ್ ಕಲಿತು ಮುಂದೆ ಬರಲಿ ಅನ್ನುವ ಆಸೆ ನ್ಯಾಯವಾದದ್ದೇ. ಆ ಆಸೆಗೆ ಓಗೊಟ್ಟೇ 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿದ್ದಾರೆ. ಅದನ್ನು ಇನ್ನೂ ಚೆನ್ನಾಗಿ ಕಲಿಸಿ ಅಂತ ನೀವು ನಮ್ಮನ್ನು ಗಟ್ಟಿಯಾಗಿ ಕೇಳಬೇಕು.

ನಾವು ಹೇಳುವುದು ಬೇರೆ. ವ್ಯಾನು ಹೋದ ಮೇಲೆ ಊರಿನ ಶಾಲೆಯಲ್ಲಿ ಉಳಿಯುವುದು ವ್ಯಾನಿನ ದುಡ್ಡು ಕೊಡಲಾಗದವರ ಮಕ್ಕಳು. ಮಾತಾಡಬಲ್ಲವರ ಮಕ್ಕಳು ಹೊರಟುಹೋದರೆ, ಮಾಡು ಸೋರಿದಾಗ ಕೇಳುವವರು ಯಾರು? ಮೇಷ್ಟ್ರು ಕಡಿಮೆಯಾದಾಗ ಬಿಇಓ ಕಚೇರಿಗೆ ಹೋಗುವವರು ಯಾರು? ಮಕ್ಕಳ ಸಂಖ್ಯೆ ಇಳಿದರೆ ಮೇಷ್ಟ್ರ ಹುದ್ದೆ ಇಳಿಯುತ್ತೆ. ಮೇಷ್ಟ್ರು ಕಡಿಮೆಯಾದರೆ ಮಕ್ಕಳು ಇನ್ನೂ ಇಳಿಯುತ್ತಾರೆ. ಕೊನೆಗೆ ಪಕ್ಕದ ಊರಿನ ಶಾಲೆಗೆ ಸೇರಿಸಿ ಬೀಗ ಹಾಕುತ್ತಾರೆ. 1966ರಲ್ಲೇ ಕೊಠಾರಿ ಆಯೋಗ ಎಲ್ಲರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಓದಲಿ ಅಂತ ಹೇಳಿತ್ತು. ದೊಡ್ಡ ಹಾಲಿನವರೆಲ್ಲ ಖಾಸಗಿಯವರಿಗೆ ಹಾಲು ಹಾಕತೊಡಗಿದರೆ ನಮ್ಮ ಡೇರಿ ಎಷ್ಟು ದಿನ ನಡೆದೀತು? ಶಾಲೆಯ ಲೆಕ್ಕವೂ ಅಷ್ಟೇ.

ನಮ್ಮ ಊರಿನಲ್ಲಿ ದೇವಸ್ಥಾನ ಬೀದಿಗೊಂದಿದೆ, ಸ್ಮಶಾನವೂ ಬೇರೆ ಬೇರೆ ಇದೆ. ಎಲ್ಲ ಮನೆಯವರೂ ಸೇರುವ ಜಾಗ ಅಂತ ಇರುವುದು ಎರಡೇ: ಒಂದು ಡೇರಿ, ಇನ್ನೊಂದು ಶಾಲೆ. ಚಿಕ್ಕಂದಿನಲ್ಲಿ ಜೊತೆಗೆ ಗೋಲಿ ಆಡಿದವರು ದೊಡ್ಡವರಾದ ಮೇಲೆ ನೀರಿಗೋ ಬದುವಿಗೋ ಜಗಳ ಬಂದರೂ ಕೂತು ಮಾತಾಡಿಕೊಳ್ಳುತ್ತಾರೆ. ಮುಖವನ್ನೇ ನೋಡದೆ ಬೆಳೆದವರು ನೇರ ಕೋರ್ಟಿಗೆ ಹೋಗುತ್ತಾರೆ.

ನಾಲ್ಕನೆಯದು, ಎಲ್ಲರ ಮುಂದೆ ಲೆಕ್ಕ.

2001ರಲ್ಲಿ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಎಸ್‌ಡಿಎಂಸಿ ಅಂತ ನಾವೆಲ್ಲ ಕರೆಯುತ್ತೇವೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರು ಅಥವಾ ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಅಂದ್ರೆ ಶಾಲೆ ಮೇಷ್ಟ್ರದ್ದಲ್ಲ, ಇಲಾಖೆಯದ್ದು ಮಾತ್ರವೂ ಅಲ್ಲ, ಊರಿನದು. ಡೇರಿಯ ಸಭೆಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಎದ್ದು ನಿಂತು ಕೇಳುತ್ತೀರಿ. ಶಾಲೆಗೆ ಬಂದ ಅನುದಾನ ಎಷ್ಟು, ಅಕ್ಕಿ ಬೇಳೆ ಎಷ್ಟು, ಎಷ್ಟು ಮಕ್ಕಳು ಸರಾಗವಾಗಿ ಓದುತ್ತಾರೆ ಅಂತಲೂ ಹಾಗೇ ಕೇಳಿ. ಕೇಳಿದರೆ ಮೇಷ್ಟ್ರಿಗೆ ಬೇಜಾರಾದೀತು ಅಂದುಕೊಳ್ಳಬೇಡಿ. ಕೇಳುವವರು ಇದ್ದರೆ ಕೆಲಸ ಮಾಡುವವರಿಗೆ ಬಲ. ಅಮ್ಮಂದಿರು ಸಹಿ ಹಾಕಿ ಹೋಗುವುದಲ್ಲ, ಕೂತು ಮಾತಾಡಬೇಕು.

ಇನ್ನು ಗುರಿ. ನಮ್ಮ ಶಾಲೆ ಬಿಟ್ಟು ಹೋಗುವ ಮಗುವಿಗೆ ಏನು ಬರಬೇಕು? ನಾವು ಶಿಕ್ಷಕರು ಕೂತು ಹೀಗೆ ಪಟ್ಟಿ ಮಾಡಿಕೊಂಡಿದ್ದೇವೆ. ಕನ್ನಡ ಪತ್ರಿಕೆಯನ್ನು ಅರ್ಥ ತಿಳಿದು ಓದಬೇಕು. ಅಜ್ಜಿಯ ಪಿಂಚಣಿಗೆ ಒಂದು ಅರ್ಜಿಯನ್ನು ತಾನೇ ಬರೆಯಬೇಕು. ಡೇರಿಯ ಪಾಸ್‌ಬುಕ್ ನೋಡಿ ಬಟವಾಡೆ ಸರಿ ಇದೆಯೇ ಅಂತ ಲೆಕ್ಕ ಹಾಕಬೇಕು. ಗ್ರಾಮಸಭೆಯಲ್ಲಿ ಹೆದರದೆ ಎದ್ದು ಒಂದು ಪ್ರಶ್ನೆ ಕೇಳಬೇಕು. ತಾನು ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು, ಅದು ಹೆಣ್ಣುಮಕ್ಕಳ ಕೆಲಸ ಅನ್ನಬಾರದು. ತನಗಿಂತ ನಿಧಾನವಾದ ಗೆಳೆಯನಿಗಾಗಿ ಒಂದು ನಿಮಿಷ ಕಾಯಬೇಕು. ಕೊನೆಯ ಎರಡಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ. ಆದರೆ ಊರು ನಡೆಯುವುದು ಅವುಗಳಿಂದಲೇ.

ಬೆಳ್ಳಿಹಬ್ಬದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕು ಅಂತ ಸಂಘದವರು ಕೇಳಿದ್ದಾರೆ. ಫ್ಯಾನು ಕೊಟ್ಟರೆ ಬೇಡ ಅನ್ನುವುದಿಲ್ಲ. ಆದರೆ ರೆಕ್ಕೆಯ ಮೇಲೆ ದಾನಿಗಳ ಹೆಸರು ಬರೆಸಬೇಡಿ, ತಿರುಗುವಾಗ ಓದಲಾಗುವುದಿಲ್ಲ! ದುಡ್ಡಿಗಿಂತ ಹೆಚ್ಚಾಗಿ ನಾವು ಮೂರು ಬೇಡಿಕೆ ಇಡುತ್ತೇವೆ. ಒಂದು, ಪ್ರತಿ ತಿಂಗಳ ಎಸ್‌ಡಿಎಂಸಿ ಸಭೆಗೆ ಸಂಘದ ಕಡೆಯಿಂದ ಇಬ್ಬರಾದರೂ ಬನ್ನಿ, ನಮ್ಮನ್ನು ಪ್ರಶ್ನೆ ಕೇಳಿ. ಎರಡು, ಮೇವು ತರುವುದಕ್ಕೆ, ತಮ್ಮನನ್ನು ನೋಡಿಕೊಳ್ಳುವುದಕ್ಕೆ ಅಂತ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವುದಿಲ್ಲ ಅಂತ ಸದಸ್ಯರೆಲ್ಲ ಮಾತು ಕೊಡಿ. ಮೂರು, ವಾರಕ್ಕೊಂದು ದಿನ ಊರಿನ ಹಿರಿಯರೊಬ್ಬರು ಶಾಲೆಗೆ ಬಂದು ತಮಗೆ ಗೊತ್ತಿರುವುದನ್ನು ಮಕ್ಕಳಿಗೆ ಹೇಳಿ: ಬಿತ್ತನೆಯ ಕಾಲ, ದನದ ಕಾಯಿಲೆ, ಸೋಬಾನೆ ಪದ, ಬುಟ್ಟಿ ಹೆಣೆಯುವುದು, ಏನಾದರೂ ಸರಿ. ರಾಬರ್ಟ್ ಓವೆನ್ ಅವರ ಶಾಲೆಗೆ ಮೊದಲ ಮೇಷ್ಟ್ರು ನೇಕಾರನಾಗಬಹುದಾದರೆ, ನಮ್ಮ ಶಾಲೆಗೆ ನೀವೂ ಆಗಬಹುದು.

ಇಪ್ಪತ್ತೈದು ವರ್ಷ ಒಂದು ದಿನವೂ ತಪ್ಪದೆ ಡೇರಿಯ ಬಾಗಿಲು ತೆಗೆದ ಊರು ಇದು. ಆ ಶಿಸ್ತಿನಲ್ಲಿ ಸ್ವಲ್ಪ ಪಾಲು ಶಾಲೆಗೂ ಸಿಕ್ಕರೆ ನಮ್ಮ ಮಕ್ಕಳಿಗೆ ಬೇರೆ ಊರಿನ ಬಾಗಿಲು ಕಾಯುವ ಅಗತ್ಯವಿಲ್ಲ. ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ, ಇವತ್ತು ಹಿಂದೆ ಕೂತು ಗಲಾಟೆ ಮಾಡುತ್ತಿರುವ ಈ ಮಕ್ಕಳೇ ಅಧ್ಯಕ್ಷರೂ ನಿರ್ದೇಶಕರೂ ಆಗಿರುತ್ತಾರೆ. ಅವರು ಎಂಥ ಸಂಘ ನಡೆಸುತ್ತಾರೆ ಅನ್ನುವುದು ಇವತ್ತು ಎಂಥ ಶಾಲೆಯಲ್ಲಿ ಕೂರುತ್ತಾರೆ ಅನ್ನುವುದರ ಮೇಲೆ ನಿಂತಿದೆ.



ಜೈ ಸಹಕಾರ.