ಏಳನೇ ಜನರೇಶನ್ ಐ7 ತಗೋಬೇಕಾ, ಎಂಟನೇ ಜನರೇಶನ್ ಐ5 ತಗೋಬೇಕಾ?



ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬಗ್ಗೆ ನಿಮ್ಮಿಂದ ತುಂಬಾ ಮೆಸೇಜ್ ಬರ್ತಿವೆ. ಅದರಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ. "ಅಂಗಡಿಯವರು ಏಳನೇ ಜನರೇಶನ್ ಐ7 ತೋರಿಸ್ತಿದ್ದಾರೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಎಂಟನೇ ಜನರೇಶನ್ ಐ5 ಕೂಡ ಇದೆ. ಐ7 ದೊಡ್ಡದಲ್ವಾ, ಅದನ್ನೇ ತಗೊಳ್ಳಲಾ?" ಕೇಳೋರಲ್ಲಿ ಬಿ.ಕಾಂ ಓದ್ತಿರೋರು ಇದ್ದಾರೆ, ಲೆಕ್ಕ ಬರೆಯೋ ಕೆಲಸಕ್ಕೆ ಹೊಸದಾಗಿ ಸೇರಿದೋರು ಇದ್ದಾರೆ, ಮಗಳಿಗೆ ಕೊಡಿಸೋಕೆ ಅಂತ ದುಡ್ಡು ಕೂಡಿಟ್ಟಿರೋ ಅಪ್ಪ ಅಮ್ಮ ಇದ್ದಾರೆ. ಇವರಿಗೆಲ್ಲ ಒಂದು ಸಲ ತಗೊಂಡ್ರೆ ನಾಲ್ಕೈದು ವರ್ಷ ಅದರಲ್ಲೇ ಕಳೀಬೇಕು. ಹಾಗಾಗಿ ಇವತ್ತು ಇಡೀ ಸಂಚಿಕೆ ಇದೊಂದಕ್ಕೇ.

ಉತ್ತರ ಮೊದಲೇ ಹೇಳಿಬಿಡ್ತೀನಿ: ಎಂಟನೇ ಜನರೇಶನ್ ಐ5. ಆದ್ರೆ ಕಾರಣ ಗೊತ್ತಿಲ್ಲದೆ ಹೋದ್ರೆ ಅಂಗಡಿಯಲ್ಲಿ ಎರಡೇ ನಿಮಿಷದಲ್ಲಿ ನಿಮ್ಮ ಮನಸ್ಸು ಬದಲಾಯಿಸ್ತಾರೆ.

ಮೊದಲು, ಈ ಯಂತ್ರಗಳು ಎಲ್ಲಿಂದ ಬರ್ತವೆ ಅಂತ ನೋಡೋಣ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಾಲು ಸಾಲಾಗಿ ಒಂದೇ ಥರದ ಕಪ್ಪು ಲ್ಯಾಪ್‌ಟಾಪ್ ಜೋಡಿಸಿರೋದು ನೋಡಿರ್ತೀರಿ. ಹೆಚ್ಚಿನವು ಕಂಪನಿಗಳಲ್ಲಿ ಕೆಲಸ ಮಾಡಿ ಬಂದವು. ಕಾಮರ್ಸ್ ಓದಿದೋರಿಗೆ ಇದು ನೆನಪಿರಬಹುದು: 2013ರ ಕಂಪನಿ ಕಾಯ್ದೆಯ ಎರಡನೇ ಶೆಡ್ಯೂಲ್ ಪ್ರಕಾರ ಲ್ಯಾಪ್‌ಟಾಪ್‌ನ ಆಯಸ್ಸು 3 ವರ್ಷ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಶೇ. 40 ಸವಕಳಿ. ಪುಸ್ತಕದಲ್ಲಿ ಬೆಲೆ ಬೇಗ ಕರಗತ್ತೆ, ಯಂತ್ರ ಮಾತ್ರ ಗಟ್ಟಿಯಾಗೇ ಇರತ್ತೆ. ಆ ವ್ಯತ್ಯಾಸದಲ್ಲೇ ಈ ವ್ಯಾಪಾರ ನಡೀತಿರೋದು. ಅದರಲ್ಲಿ ತಪ್ಪೇನಿಲ್ಲ, ನಮ್ಮಂಥೋರಿಗೆ ಅದು ಅನುಕೂಲವೇ.

ಈಗ ಪ್ರೊಸೆಸರ್‌ಗೆ ಬರೋಣ. ಏಳನೇ ಜನರೇಶನ್‌ನಲ್ಲಿ ತೆಳು ಲ್ಯಾಪ್‌ಟಾಪ್‌ಗಳಿಗೆ ಬರ್ತಿದ್ದ ಮಾಮೂಲಿ ಚಿಪ್ ಇಂಟೆಲ್ ಕೋರ್ ಐ5-7200ಯು. ಬಂದಿದ್ದು 2016ರಲ್ಲಿ. 2 ಕೋರ್, 4 ಥ್ರೆಡ್, ಬೇಸ್ ವೇಗ 2.5 ಗಿಗಾಹರ್ಟ್ಸ್, ಟರ್ಬೋ 3.1, ಕ್ಯಾಶ್ 3 ಎಂಬಿ. ಅದರ ಮುಂದಿನದು ಐ5-8250ಯು, 2017ರ ಆಗಸ್ಟ್‌ನಲ್ಲಿ ಬಂತು. 4 ಕೋರ್, 8 ಥ್ರೆಡ್, ಬೇಸ್ 1.6, ಟರ್ಬೋ 3.4, ಕ್ಯಾಶ್ 6 ಎಂಬಿ. ಎರಡೂ 14 ನ್ಯಾನೋಮೀಟರ್ ಚಿಪ್‌ಗಳು, ಎರಡಕ್ಕೂ 15 ವ್ಯಾಟ್ ಮಿತಿ, ಒಳಗಿನ ಕೋರ್ ವಿನ್ಯಾಸ ಕೂಡ ಹೆಚ್ಚುಕಡಿಮೆ ಒಂದೇ. ಬದಲಾಗಿದ್ದು ಕೋರ್‌ಗಳ ಸಂಖ್ಯೆ. ವರ್ಷಗಟ್ಟಲೆ ಎರಡರಲ್ಲೇ ನಿಂತಿದ್ದ 15 ವ್ಯಾಟ್ ಐ5 ಒಂದೇ ಏಟಿಗೆ ನಾಲ್ಕಾಯ್ತು. ಅದೇ ವರ್ಷ ಎಎಮ್‌ಡಿಯ ರೈಜನ್ ಮಾರುಕಟ್ಟೆಗೆ ಇಳಿದಿತ್ತು ಅನ್ನೋದನ್ನ ಮರೀಬೇಡಿ. ಎದುರಿಗೆ ಇನ್ನೊಂದು ಅಂಗಡಿ ತೆರೆದಾಗ ತೂಕ ಸ್ವಲ್ಪ ಧಾರಾಳ ಆಗತ್ತಲ್ಲ, ಹಾಗೆ.

ಇಲ್ಲಿ ಅಂಗಡಿಯವರ ಮೊದಲನೇ ಮಾತು ಬರತ್ತೆ. "ನೋಡಿ ಸಾರ್, ಇದು 2.5, ಅದು ಬರೀ 1.6." ಕೇಳೋಕೆ ಸರಿ ಅನ್ಸತ್ತೆ. ಆದ್ರೆ ಬೇಸ್ ವೇಗ ಅಂದ್ರೆ, ಎಲ್ಲ ಕೋರ್‌ಗಳೂ ದುಡೀತಿದ್ದಾಗ 15 ವ್ಯಾಟ್ ಒಳಗೆ ಕನಿಷ್ಠ ಇಷ್ಟು ಓಡತ್ತೆ ಅನ್ನೋ ಲೆಕ್ಕ. ಅಡುಗೆಮನೆಗೆ ಹೋಲಿಸಿ. ಒಲೆ ಎರಡಿದ್ದಿದ್ದು ನಾಲ್ಕಾಯ್ತು, ಗ್ಯಾಸ್ ಪೈಪ್ ಮಾತ್ರ ಅದೇ. ನಾಲ್ಕೂ ಒಟ್ಟಿಗೆ ಹಚ್ಚಿದ್ರೆ ಪ್ರತಿಯೊಂದರ ಉರಿ ಸಣ್ಣದಾಗತ್ತೆ, ಆದ್ರೂ ಅಡುಗೆ ಬೇಗ ಮುಗಿಯತ್ತೆ.

ಲೆಕ್ಕ ಹಾಕೇ ನೋಡೋಣ. ಹಳೇದು 2 ಕೋರ್ ಗುಣಿಸು 2.5, ಅಂದ್ರೆ 5. ಹೊಸದು 4 ಗುಣಿಸು 1.6, ಅಂದ್ರೆ 6.4. ಬರೀ ಬೇಸ್‌ನಲ್ಲಿ ಓಡಿದ್ರೂ ಹೊಸದು ಶೇ. 28 ಮುಂದೆ. ಎಲ್ಲ ಕೋರ್‌ಗಳೂ ಪೂರ್ತಿ ಟರ್ಬೋದಲ್ಲಿ ಓಡಿದ್ರೆ ಹಳೇದು 6.2, ಹೊಸದು 13.6, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ನಿಜವಾದ ಫಲಿತಾಂಶ ಇವೆರಡರ ಮಧ್ಯೆ ಎಲ್ಲೋ ಇರತ್ತೆ. ಎಲ್ಲಿ ಅನ್ನೋದನ್ನ ನಿಮ್ಮ ಲ್ಯಾಪ್‌ಟಾಪ್‌ನ ಫ್ಯಾನು ನಿರ್ಧಾರ ಮಾಡತ್ತೆ. ಇಂಟೆಲ್ ಆಗ ಹೇಳಿಕೊಂಡಿದ್ದು ಶೇ. 40ರವರೆಗೆ ಅಂತ.

ಆದ್ರೆ ಎಲ್ಲ ಕೆಲಸದಲ್ಲೂ ಈ ಲಾಭ ಸಿಗಲ್ಲ. ಬ್ಯಾಂಕಲ್ಲಿ ಎರಡು ಕೌಂಟರ್ ಇದ್ದಿದ್ದು ನಾಲ್ಕಾದ್ರೆ ಕ್ಯೂ ಬೇಗ ಕರಗತ್ತೆ. ಆದ್ರೆ ಕ್ಯೂನಲ್ಲಿ ಇರೋದು ನೀವೊಬ್ಬರೇ ಆದ್ರೆ? ನಿಮ್ಮ ಚಲನ್ ತುಂಬೋಕೆ ಅಷ್ಟೇ ಹೊತ್ತು ಬೇಕು. ಒಂದೇ ಕೋರ್ ಮೇಲೆ ನಡೆಯೋ ಕೆಲಸಕ್ಕೆ ಹೋಲಿಕೆ 3.1ಕ್ಕೂ 3.4ಕ್ಕೂ ಮಾತ್ರ, ಅಂದ್ರೆ ಸುಮಾರು ಶೇ. 10. ವರ್ಡ್‌ನಲ್ಲಿ ಪತ್ರ ಟೈಪ್ ಮಾಡೋದ್ರಲ್ಲಿ, ಒಂದು ವೆಬ್‌ಸೈಟ್ ತೆರೆಯೋದ್ರಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ವಿಡಿಯೋ ಎಡಿಟಿಂಗ್, ದೊಡ್ಡ ಫೈಲ್ ಜಿಪ್ ಮಾಡೋದು, ಸೂತ್ರಗಳು ತುಂಬಿರೋ ಎಕ್ಸೆಲ್ ಶೀಟ್, ಆನ್‌ಲೈನ್ ಕ್ಲಾಸ್ ನಡೀತಿರೋವಾಗಲೇ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಇಂಥ ಕಡೆ ನಾಲ್ಕು ಕೋರ್ ಕೈಹಿಡಿಯತ್ತೆ.

ಈಗ ಆ ಐ7 ವಿಷಯ. ಐ7-7500ಯು, ಏಳನೇ ಜನರೇಶನ್. ಹೆಸರು ದೊಡ್ಡದು, ಒಳಗಿರೋದು 2 ಕೋರ್. ಟರ್ಬೋ 3.5 ಇರೋದ್ರಿಂದ ಒಂಟಿ ಕೆಲಸದಲ್ಲಿ 8250ಯು ಜೊತೆ ಸಮಸಮ ನಿಲ್ಲತ್ತೆ. ಕೆಲಸ ನಾಲ್ಕು ಕಡೆ ಹಂಚಿದ ತಕ್ಷಣ ಹಿಂದೆ ಬೀಳತ್ತೆ. ಹಾಗಂತ "8 ಅಂದ್ರೆ ಸಾಕು" ಅಂತಲೂ ನಂಬಬೇಡಿ. ಐ3-8130ಯು ಕೂಡ ಎಂಟನೇ ಜನರೇಶನ್ನೇ, ಅದರಲ್ಲಿ 2 ಕೋರ್ ಅಷ್ಟೇ. ಅದಕ್ಕೇ ಸ್ಟಿಕ್ಕರ್ ಮೇಲಿರೋ ಐ5, ಐ7 ಬಿಡಿ, ಪೂರ್ತಿ ಮಾಡೆಲ್ ನಂಬರ್ ಕೇಳಿ.

ಇಷ್ಟರವರೆಗೆ ವೇಗದ ಮಾತಾಯ್ತು. ವೇಗ ಒಂದೇ ಆಗಿದ್ರೆ, ಕಡಿಮೆ ಬೆಲೆಗೆ ಸಿಕ್ಕಿದ್ರೆ ಏಳನೇದೇ ತಗೊಳ್ಳಿ ಅಂತ ನಾನೂ ಹೇಳ್ತಿದ್ದೆ. ಅದಕ್ಕಿಂತ ದೊಡ್ಡ ವಿಷಯ ಈಗ ಬರತ್ತೆ.

2021ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11 ಬಿಡುಗಡೆ ಮಾಡಿದಾಗ ಒಂದು ಗೆರೆ ಎಳೀತು. ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ನಿಂದ ಮೇಲೆ ಒಳಗೆ, ಏಳನೇದು ಕೆಲವೇ ಅಪವಾದ ಬಿಟ್ಟು ಹೊರಗೆ. 7200ಯು ಹೊರಗೆ, 7500ಯು ಕೂಡ ಹೊರಗೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮನೆ ಬಳಕೆದಾರರು ಹೆಸರು ನೋಂದಾಯಿಸಿದ್ರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಅಂದ್ರು, ಅದು ತಾತ್ಕಾಲಿಕ ಅಷ್ಟೇ. ಒಂದೇ ವರ್ಷದ ಅಂತರದಲ್ಲಿ ಬಂದ, ಒಂದೇ ವಿನ್ಯಾಸದ ಎರಡು ಚಿಪ್. ಒಂದಕ್ಕೆ ಭವಿಷ್ಯ ಇದೆ, ಇನ್ನೊಂದಕ್ಕೆ ಇಲ್ಲ. ಯಂತ್ರ ಸವೆದಿದ್ದಕ್ಕೆ ಅಲ್ಲ, ಪಟ್ಟಿಯಲ್ಲಿ ಹೆಸರಿಲ್ಲ ಅನ್ನೋದಕ್ಕೆ.

"ಚಿಂತೆ ಮಾಡ್ಬೇಡಿ, ನಾವೇ ವಿಂಡೋಸ್ 11 ಹಾಕಿ ಕೊಡ್ತೀವಿ" ಅಂತ ಕೆಲವರು ಹೇಳ್ತಾರೆ. ಅಡ್ಡದಾರಿಯಲ್ಲಿ ಹಾಕಬಹುದು, ಓಡತ್ತೆ ಕೂಡ. ಆದ್ರೆ ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರತ್ತೆ ಅಂತ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ನಾಲ್ಕು ಜನರ ಜಿಎಸ್‌ಟಿ ಲಾಗಿನ್, ಪ್ಯಾನ್, ನೆಟ್ ಬ್ಯಾಂಕಿಂಗ್ ಇರೋ ಲ್ಯಾಪ್‌ಟಾಪ್‌ನಲ್ಲಿ ಈ ರಿಸ್ಕ್ ಬೇಡ. ಮನೆ ಚೆನ್ನಾಗಿದೆ, ಬಾಡಿಗೆ ಕಡಿಮೆ, ಬಾಗಿಲಿಗೆ ಚಿಲಕ ಇಲ್ಲ ಅಂದ್ರೆ ಹೋಗ್ತೀರಾ?

ಈಗಾಗಲೇ ಏಳನೇ ಜನರೇಶನ್ ಇಟ್ಕೊಂಡಿರೋರು ಅದನ್ನ ಗುಜರಿಗೆ ಹಾಕ್ಬೇಕಾಗಿಲ್ಲ. ಓದು, ಬ್ರೌಸಿಂಗ್, ವಿಡಿಯೋ ನೋಡೋದು ಇಷ್ಟೇ ಆದ್ರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ, ಅಪ್‌ಡೇಟ್ ಬರ್ತಾನೇ ಇರತ್ತೆ. ಇನ್ನೂ ಹಾರ್ಡ್ ಡಿಸ್ಕ್ ಇದ್ರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ದಿನನಿತ್ಯದ ಬಳಕೆಯಲ್ಲಿ ಜನರೇಶನ್ ಬದಲಾಯಿಸೋದಕ್ಕಿಂತ ಅದರ ವ್ಯತ್ಯಾಸ ಹೆಚ್ಚು. ಟ್ಯಾಲಿ ಕಲಿಯೋರಿಗೆ ಮಾತ್ರ ಈ ದಾರಿ ಕಷ್ಟ, ಯಾಕಂದ್ರೆ ಅದು ವಿಂಡೋಸ್‌ಗೆ ಅಂತ ಮಾಡಿದ ಸಾಫ್ಟ್‌ವೇರ್.

ಹೊಸದಾಗಿ ತಗೊಳ್ಳೋರು ಅಂಗಡಿಯಲ್ಲೇ ನಿಂತು ಮೂರು ಕೆಲಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು. ಚಿಪ್‌ನ ಪೂರ್ತಿ ಹೆಸರು ಅಲ್ಲಿರತ್ತೆ, ಕೋರ್ ಎಷ್ಟು ಅಂತಲೂ ಇರತ್ತೆ, 4 ಇದೆಯಾ ನೋಡಿ. ಎರಡನೇದು, ಮೆಮೊರಿ 8 ಜಿಬಿ, ಡಿಸ್ಕ್ ಎಸ್‌ಎಸ್‌ಡಿ ಅಂತ ಅಲ್ಲೇ ಖಾತ್ರಿ ಮಾಡ್ಕೊಳ್ಳಿ. ಮೂರನೇದು, ನಾಲ್ಕೈದು ವಿಡಿಯೋ ಒಟ್ಟಿಗೆ ಓಡಿಸಿ ಹದಿನೈದು ನಿಮಿಷ ಬಿಡಿ, ವೇಗದ ಅಂಕಿ ಮೇಲೆ ಕಣ್ಣಿಡಿ. 1.6ಕ್ಕಿಂತ ಕೆಳಗೆ ಕುಸಿದು ಅಲ್ಲೇ ನಿಂತ್ರೆ, ಫ್ಯಾನಿನಲ್ಲಿ ಧೂಳೋ, ಒಣಗಿದ ಪೇಸ್ಟೋ ಇರಬಹುದು. ಕ್ಲೀನ್ ಮಾಡಿ ಕೊಡಿ, ಆಮೇಲೆ ದುಡ್ಡು ಕೊಡ್ತೀನಿ ಅನ್ನಿ. ಕೇಳೋಕೆ ನಾಚಿಕೆ ಬೇಡ, ದುಡ್ಡು ನಿಮ್ಮದು.

ಮುಂದಿನ ವಾರ ಬ್ಯಾಟರಿ ಬಗ್ಗೆ ಮಾತಾಡೋಣ. ಹಳೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಎಷ್ಟು ಸವೆದಿದೆ ಅಂತ ಕಂಡುಹಿಡಿಯೋದು ಹೇಗೆ ಅನ್ನೋದು ವಿಷಯ. ಪ್ರಶ್ನೆ ಇದ್ರೆ ಕಳಿಸಿ, ಮಾಡೆಲ್ ನಂಬರ್ ಬರೆಯೋದು ಮಾತ್ರ ಮರೀಬೇಡಿ. ನಮಸ್ಕಾರ.